ಮರಿಯ ಹೊಟ್ಟೆ ಉಬ್ಬಿದೆಯೇ?

ಮನೆಗೆ ತಂದ ನಾಯಿಮರಿ ಗಬಗಬನೆ ಹಾಲನ್ನ ತಿನ್ನುತ್ತದೆ. ಆದರೂ ಮೈ ಹತ್ತುವುದಿಲ್ಲ. ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬಿರುತ್ತದೆ. 'ಚೆನ್ನಾಗಿ ತಿಂದಿದೆ' ಎಂದು ಮಕ್ಕಳು ಹಿಗ್ಗುತ್ತಾರೆ. ಪಶುವೈದ್ಯರಿಗೆ ತೋರಿಸಿದರೆ ಅವರು ಮೊದಲು ಶಂಕಿಸುವುದು ಜಂತುಹುಳುವನ್ನು.

ಇನ್ನೂ ಬೀದಿಗಿಳಿಯದ ಮರಿಗೆ ಹುಳು ಬಂದದ್ದಾದರೂ ಎಲ್ಲಿಂದ? ತಾಯಿಯಿಂದಲೇ. ದುಂಡುಹುಳು ಗರ್ಭದಲ್ಲಿರುವಾಗಲೇ ಮರಿಯನ್ನು ಸೇರುತ್ತದೆ. ಕೊಕ್ಕೆಹುಳು ಹಾಲಿನ ಮೂಲಕ ಬರುತ್ತದೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳು ಹೆಚ್ಚಾದರೆ ಎಳೆಯ ಮರಿ ರಕ್ತಹೀನತೆಯಿಂದ ಸಾಯಲೂಬಹುದು. ಆದ್ದರಿಂದ ನಾಯಿಮರಿಗೆ 2 ವಾರ, ಬೆಕ್ಕಿನ ಮರಿಗೆ 3 ವಾರ ತುಂಬಿದಾಗಲೇ ಔಷಧಿ ಶುರುವಾಗಬೇಕು. ಮೊದಲು 15 ದಿನಕ್ಕೊಮ್ಮೆ, ಎರಡು ತಿಂಗಳು ದಾಟಿದ ಮೇಲೆ ತಿಂಗಳಿಗೊಮ್ಮೆ, 6 ತಿಂಗಳ ನಂತರ 3 ತಿಂಗಳಿಗೊಮ್ಮೆ ಕೊಡುವುದು ಸಾಮಾನ್ಯ ಕ್ರಮ.

ಎಲ್ಲ ಹುಳುಗಳಿಗೂ ಒಂದೇ ಮದ್ದಲ್ಲ. ಪೈರಾಂಟೆಲ್ ಔಷಧಿಯು ದುಂಡುಹುಳು, ಕೊಕ್ಕೆಹುಳುಗಳ ಸ್ನಾಯುಗಳನ್ನು ಸೆಟೆದು ನಿಲ್ಲಿಸುತ್ತದೆ. ಹಿಡಿತ ತಪ್ಪಿದ ಹುಳು ಮಲದೊಡನೆ ಹೊರಬೀಳುತ್ತದೆ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಬೇಕು. ನಾಯಿಗಳಲ್ಲಿ ಸಾಮಾನ್ಯವಾದ ಲಾಡಿಹುಳು ಹರಡುವುದು ಚಿಗಟದಿಂದ. ಮೈಮೇಲಿನ ಚಿಗಟ ಹೋಗದಿದ್ದರೆ ಹುಳು ಮತ್ತೆ ಬರುತ್ತದೆ.

2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಗಳಲ್ಲಿ ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡಲಾಗುತ್ತಿದೆ. ಅದನ್ನೇ ಅರ್ಧ ಮುರಿದು ಮರಿಗೂ ಹಾಕಿದರೆ? ಖಂಡಿತ ಬೇಡ. ನಾಯಿ, ಬೆಕ್ಕುಗಳಲ್ಲಿ ಅದು ಮೂಳೆಮಜ್ಜೆಗೆ ಹಾನಿ ಮಾಡಬಲ್ಲದು. ದನಕರುಗಳ ಐವರ್‌ಮೆಕ್ಟಿನ್ ಕೂಡ ಹೆಚ್ಚಾದರೆ ಕೋಲಿ ತಳಿಯ ಅನೇಕ ನಾಯಿಗಳ ಮೆದುಳಿಗೆ ವಿಷವಾಗುತ್ತದೆ. ಔಷಧಿಯ ಪ್ರಮಾಣ ನಿರ್ಧಾರವಾಗುವುದು ತೂಕದ ಮೇಲೆ. ಮರಿಯನ್ನೆತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಬಳಿಕ ಒಬ್ಬರೇ ನಿಂತು ಕಳೆದರೆ ಮರಿಯ ತೂಕ ಸಿಗುತ್ತದೆ. ಅದನ್ನು ಪಶುವೈದ್ಯರಿಗೆ ತಿಳಿಸಿಯೇ ಮಾತ್ರೆ ಪಡೆಯಬೇಕು.

ಇದು ಮರಿಯೊಂದರ ಆರೋಗ್ಯದ ಪ್ರಶ್ನೆಯಷ್ಟೇ ಅಲ್ಲ. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲದು. ಮಣ್ಣಾಟವಾಡಿದ ಕೈ ಬಾಯಿಗೆ ಹೋದರೆ ಅದು ಮಗುವಿನ ಹೊಟ್ಟೆ ಸೇರುತ್ತದೆ. ಅಲ್ಲಿ ಮೊಟ್ಟೆಯೊಡೆದ ಮರಿಹುಳು ಅಪರೂಪಕ್ಕೆ ಕಣ್ಣನ್ನು ತಲುಪಿ ದೃಷ್ಟಿಗೇ ಕುತ್ತು ತರುವುದುಂಟು. ಆದರೆ ಹೊರಬಿದ್ದ ಮೊಟ್ಟೆ ಸೋಂಕು ತರುವಷ್ಟು ಬಲಿಯಲು ಕೆಲವು ವಾರಗಳೇ ಬೇಕು. ಮರಿಯ ಮಲವನ್ನು ಅಂದಂದೇ ತೆಗೆದು, ಊಟಕ್ಕೆ ಮುನ್ನ ಸೋಪಿನಿಂದ ಕೈ ತೊಳೆದರೆ ಅಪಾಯ ಬಹಳಷ್ಟು ತಪ್ಪುತ್ತದೆ.

ಮುಂದಿನ ಮಾತ್ರೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಹೊಣೆಯನ್ನು ಮಕ್ಕಳಿಗೇ ವಹಿಸಬಹುದು. ಮರಿ ಬೇಕೆಂದು ಹಟ ಹಿಡಿದವರು ಅವರೇ ತಾನೇ!