ಎಚ್‌ಪಿ ಕೇಳಿದರೆ ಸಾಲದು

ಪಂಪು ಕೊಳ್ಳಲು ಹೋದವರು ಮೊದಲು ಕೇಳುವುದು 'ಎಷ್ಟು ಎಚ್‌ಪಿ?' ಎಂದು. ಯಾವ ದ್ರವವನ್ನು, ಎಷ್ಟು ಎತ್ತರಕ್ಕೆ ಎಂಬುದು ಅದಕ್ಕಿಂತ ಮುಖ್ಯ. ಕೊಳವೆಬಾವಿಗೆ ಇಳಿಸುವ ಸಬ್‌ಮರ್ಸಿಬಲ್ ಸಾಮಾನ್ಯವಾಗಿ ಸೆಂಟ್ರಿಫ್ಯೂಗಲ್ ಜಾತಿಯದು. ಅದರೊಳಗಿನ ಇಂಪೆಲ್ಲರ್ ಎಂಬ ಚಕ್ರ ಗಿರಗಿರನೆ ತಿರುಗಿ ನೀರಿಗೆ ವೇಗ ಕೊಡುತ್ತದೆ, ಆ ವೇಗ ಒತ್ತಡವಾಗುತ್ತದೆ. ಒಂದು ಇಂಪೆಲ್ಲರಿನ ತಾಕತ್ತಿಗೆ ಮಿತಿಯಿರುವುದರಿಂದ ಆಳ ಹೆಚ್ಚಿದಷ್ಟೂ ಸ್ಟೇಜುಗಳನ್ನು ಜೋಡಿಸುತ್ತಾರೆ. ಬೇಸಗೆಯಲ್ಲಿ ಅಂತರ್ಜಲ ಕುಸಿದರೆ, ಪಂಪು ಕೆಡದಿದ್ದರೂ ಧಾರೆ ಸಣ್ಣದಾಗುತ್ತದೆ. ಆಗ ಮೆಕ್ಯಾನಿಕ್‌ನನ್ನು ಬೈದು ಫಲವಿಲ್ಲ.

1970ರ ದಶಕದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2 ಕೈಪಂಪು ಇನ್ನೊಂದು ಜಾತಿಯದು, ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್. ಸೇರಿನಲ್ಲಿ ಅಳೆದು ಸುರಿದಂತೆ ಅದರ ಪಿಸ್ಟನ್ ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ನೀರೆತ್ತುತ್ತದೆ. ಆಳ ಹೆಚ್ಚಿದರೆ ಭಾರ ಕೈಗೆ ಗೊತ್ತಾಗುತ್ತದೆ. ಹಾಗಾದರೆ ತೋಟಕ್ಕೂ ಪಿಸ್ಟನ್ ಪಂಪೇ ಆಗಬಾರದೇಕೆ? ಗಂಟೆಗೆ ಸಾವಿರಾರು ಲೀಟರ್ ಬೇಕೆಂದರೆ ಅದರ ಗಾತ್ರ, ಬೆಲೆ ಎರಡೂ ಏರುತ್ತವೆ. ವಾಷರು, ವಾಲ್ವುಗಳ ಸವೆತ ಬೇರೆ. ನೀರಿನಂಥ ತೆಳು ದ್ರವವನ್ನು ಹೇರಳವಾಗಿ ಸಾಗಿಸಲು ಸೆಂಟ್ರಿಫ್ಯೂಗಲ್‌ಗೆ ಸಾಟಿಯಿಲ್ಲ. ಅದೇ ಪಂಪಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿ ಕೊಟ್ಟು ನೋಡಿ, ವಿದ್ಯುತ್ತೆಲ್ಲ ಅಂಟಿನೊಡನೆ ಗುದ್ದಾಡುವುದಕ್ಕೇ ಖರ್ಚಾಗುತ್ತದೆ. ಅಲ್ಲಿ ಗೇರ್ ಪಂಪಿನಂಥ ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್ ಪಂಪುಗಳೇ ಬೇಕು. ಕುಡಿಯುವ ನೀರಿಗೆ ಕ್ಲೋರಿನ್ ದ್ರಾವಣವನ್ನು ಅಳೆದು ಬೆರೆಸಲೂ ಇದೇ ಜಾತಿ. ಒಂದು ಎಚ್ಚರಿಕೆ: ಹೊರದಾರಿ ಮುಚ್ಚಿದರೆ ಸೆಂಟ್ರಿಫ್ಯೂಗಲ್‌ನ ಒತ್ತಡ ಒಂದು ಹಂತಕ್ಕೆ ನಿಲ್ಲುತ್ತದೆ, ಮೋಟಾರಿನ ಗೇರ್ ಪಂಪಿನದು ಪೈಪು ಒಡೆಯುವವರೆಗೂ ಏರಬಲ್ಲದು. ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ಇಲ್ಲದೆ ಅದನ್ನು ಕೂರಿಸಬೇಡಿ.