ಮುದ್ರೆಯೂ ಮುದ್ರಾಧರನೂ

ಕೆಂಪುನಾರಾಯಣನು 1823ರಲ್ಲಿ ರಚಿಸಿದ ‘ಮುದ್ರಾಮಂಜೂಷ’ದ ಕಥೆಗೆ ವಿಶಾಖದತ್ತನ ‘ಮುದ್ರಾರಾಕ್ಷಸ’ವು ಆಧಾರವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಆ ನಾಟಕದಲ್ಲಿ ಅಮಾತ್ಯರಾಕ್ಷಸನ ಪತ್ನಿಯ ಬೆರಳಿನಿಂದ ಜಾರಿದ ಉಂಗುರವು ಚಾರನ ಮೂಲಕ ಚಾಣಕ್ಯನ ಕೈಸೇರುತ್ತದೆ. ಅದನ್ನೊತ್ತಿದ ಕೂಟಲೇಖವನ್ನು ಮಲಯಕೇತುವು ರಾಕ್ಷಸನದೆಂದೇ ನಂಬುತ್ತಾನೆ. ಅವನು ಕಂಡುದು ಮುದ್ರೆಯನ್ನು, ಮುದ್ರಾಧರನನ್ನಲ್ಲ.

ಅಂತರ್ಜಾಲದ ರಕ್ಷಿತಸೇವೆಗಳ ಸ್ಥಿತಿಯೂ ಹೀಗೆಯೇ. ಚಾಮರಾಜಪೇಟೆಯ ಗ್ರಂಥಭಂಡಾರವೊಂದರ ಕಂಪ್ಯೂಟರು ಪರಸ್ಥಳದ ಹಸ್ತಪ್ರತಿಸೂಚಿಯನ್ನು ಬೇಡುತ್ತದೆಂದು ಭಾವಿಸೋಣ. ಬೇಡಿಕೆಯೊಡನೆ ಅದು ಗುಪ್ತವಾದ ಅಕ್ಷರಮಾಲೆಯೊಂದನ್ನು ಕಳುಹಿಸಬೇಕು. ಇದನ್ನು ‘ಕೀ’ ಎನ್ನುವರು. ಇದನ್ನು ಪ್ರೋಗ್ರಾಮಿನ ಪಾಠದೊಳಗೇ ಬರೆದಿಡುವುದು ಬಹುಜನರ ರೂಢಿ, ಮಹಾದೋಷವೂ ಹೌದು. ಪಾಠವು ಪ್ರತಿಯಿಂದ ಪ್ರತಿಗೆ ಹರಡುತ್ತದೆ. ಒಂದರಲ್ಲಿ ಅಳಿಸಿದುದು ಹಿಂದಿನ ಪ್ರತಿಗಳಲ್ಲಿ ಉಳಿದೇ ಇರುತ್ತದೆ. (ಲಿಪಿಕಾರರ ಪರಿಚಯವುಳ್ಳವರಿಗೆ ಇದನ್ನು ವಿವರಿಸಬೇಕಾದುದಿಲ್ಲ.) ಆದುದರಿಂದ ಕೀಯನ್ನು ಪಾಠದಿಂದ ಬೇರ್ಪಡಿಸಿ, ಗೂಢೀಕರಿಸಿದ ರಹಸ್ಯಕೋಶದಲ್ಲಿರಿಸಿ, ಪ್ರೋಗ್ರಾಮು ನಡೆಯುವ ಕಾಲಕ್ಕೆ ಮಾತ್ರ ಒದಗಿಸತಕ್ಕುದು. ಕಳುಹಿಸುವ ಮಾರ್ಗವೂ ಗೂಢೀಕೃತವಾಗಿರಬೇಕು. ವೆಬ್ ವಿಳಾಸದ ಸಾಲಿನಲ್ಲಿ ಕೀಯನ್ನು ಸೇರಿಸಕೂಡದು. ಆ ಸಾಲು ಸರ್ವರಿನ ದಿನಚರಿಯಲ್ಲಿ ದಾಖಲಾಗುವುದುಂಟು.

ಸೂಚಿಯನ್ನು ಓದುವ ಕೀಗೆ ತಿದ್ದುವ ಅಧಿಕಾರವೇಕೆ? ಅಲ್ಪಾವಧಿಯ ಟೋಕನ್ ದೊರೆಯುವಲ್ಲಿ ಅದೇ ಲೇಸು. ಕೀ ಪರರ ಕೈಸೇರಿತೆಂಬ ಶಂಕೆ ಹುಟ್ಟಿದೊಡನೆ ಅದನ್ನು ರದ್ದುಮಾಡಿಸಿ ಹೊಸತನ್ನು ಪಡೆಯತಕ್ಕುದು. ರಾಕ್ಷಸನಿಗೆ ಈ ಸೌಕರ್ಯವಿರಲಿಲ್ಲ.