ಬಾಲಕ್ಕೂ ಬೆಲೆ ಕೊಟ್ಟ ಅರಸ

ಹೊಸಪೇಟೆಯಲ್ಲಿಳಿದು ಹಂಪಿಗೆ ಹೋಗುವವರು ಕೃಷ್ಣದೇವರಾಯನ ಬಗ್ಗೆ ಕೇಳುತ್ತಾರೆ. ಸಾಳುವ ನರಸಿಂಹನನ್ನು ಕೇಳುವವರು ಅಪರೂಪ. ಪೋರ್ಚುಗೀಸರು ವಿಜಯನಗರವನ್ನು 'ನರಸಿಂಗ' ರಾಜ್ಯವೆಂದು ಕರೆದದ್ದು ಮಾತ್ರ ಈತನ ಹೆಸರಿನಿಂದಲೇ. ಆಳಿದ್ದು ಆರೇ ವರ್ಷ.

ಮೂರನೆಯ ಶತಮಾನದ ರೋಮಿನಲ್ಲಿ ದಂಡನಾಯಕರು ಚಕ್ರವರ್ತಿಗಳಾದಂತೆ, ಚಂದ್ರಗಿರಿಯ ಈ ದಂಡನಾಯಕನೂ 1485ರಲ್ಲಿ ಸಂಗಮ ವಂಶವನ್ನು ಬದಿಗೊತ್ತಿ ಪಟ್ಟವೇರಿದ. ಅವನ ಸೇನಾನಿ ಅರಮನೆ ಹೊಕ್ಕಾಗ ಬಾಗಿಲಲ್ಲಿ ತಡೆಯುವವರೇ ಇರಲಿಲ್ಲವಂತೆ. ಹಾಗೆಂದು ಬರೆದವನು ಅರ್ಧ ಶತಮಾನದ ನಂತರ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್. ಇದನ್ನು ದ್ರೋಹವೆನ್ನಬಹುದು, ಆದರೆ ಕಾವಲೇ ಇಲ್ಲದ ಸಿಂಹಾಸನ ಎಷ್ಟು ದಿನ ಉಳಿದೀತು?

1472ರಲ್ಲಿ ಗೋವೆ ಬಹಮನಿಗಳ ಪಾಲಾಗಿ, ಕುದುರೆ ಬರುವ ಮುಖ್ಯ ದಾರಿ ಮುಚ್ಚಿತ್ತು. ನರಸಿಂಹ ಹೊನ್ನಾವರ, ಭಟ್ಕಳಗಳ ಕಡೆಯಿಂದ ಕುದುರೆ ತರಿಸಿದ. ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನೆಂದು ನ್ಯೂನಿಜ್ ಹೇಳುತ್ತಾನೆ. ವ್ಯಾಪಾರಿಯ ಮಾತು, ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು. ಆದರೂ ಕಡಲಿನ ನಷ್ಟವನ್ನು ಅರಸನೇ ಹೊತ್ತರೆ ಯಾವ ವ್ಯಾಪಾರಿ ತಾನೇ ಬಾರದಿರುತ್ತಾನೆ?

ಇಷ್ಟೆಲ್ಲ ಮಾಡಿಯೂ ಗಜಪತಿ ಪುರುಷೋತ್ತಮನಿಗೆ ಸೋತು ಸೆರೆಸಿಕ್ಕ; ಉದಯಗಿರಿ ಕೋಟೆ ಕೈಬಿಟ್ಟಿತು. 1491ರಲ್ಲಿ ಸಾಯುವಾಗ ಎಳೆಯ ಮಕ್ಕಳನ್ನು ತುಳುವ ನರಸನಾಯಕನಿಗೆ ಒಪ್ಪಿಸಿ, ರಾಯಚೂರು, ಉದಯಗಿರಿ, ಕೊಂಡವೀಡುಗಳನ್ನು ಗೆಲ್ಲಬೇಕೆಂದು ಹೇಳಿದನಂತೆ. ನರಸನಾಯಕನಿಂದ ಅದು ಪೂರೈಸಲಿಲ್ಲ. 1514ರಲ್ಲಿ ಉದಯಗಿರಿ, 1515ರಲ್ಲಿ ಕೊಂಡವೀಡು, 1520ರಲ್ಲಿ ರಾಯಚೂರನ್ನು ಗೆದ್ದವನು ಅವನ ಮಗ, ಕೃಷ್ಣದೇವರಾಯ.